ಹೆಪ್ಪಿಲ್ಲದ ಗಡಿಗೆ

ನಮ್ಮ ಕಾಕಾನಷ್ಟು ವೈನಿನ ಹುಚ್ಚಿರುವವರು ಇಡೀ ಮೂಡಲಗಿಯಲ್ಲಿ ಇನ್ನೊಬ್ಬರಿಲ್ಲ. ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ! ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಅಡುಗೆಮನೆಯ ಮೂಲೆಯಲ್ಲಿ ದ್ರಾಕ್ಷಿ ತುಂಬಿದ ಗಡಿಗೆ. ಇವೆಲ್ಲ ಒಂದೇ ಮನೆಯಲ್ಲಿ ಹೇಗಿರುತ್ತವೆ ಎಂದು ಕೇಳಬೇಡಿ. ಕಾಕಿ ದಿನಾ ಕೇಳುತ್ತಾರೆ, ಅವರಿಗೇ ಉತ್ತರ ಸಿಕ್ಕಿಲ್ಲ.

ಕಾಕಾನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದನ್ನು ಮೀರಿ ಮಾತಾಡಿ ರೂಢಿಯಾದ್ದರಿಂದ ಅವರು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳುತ್ತದೆ. ಅವರ ಸಿದ್ಧಾಂತವೂ ಹಾಗೆಯೇ ಓಣಿಗೆಲ್ಲ ಗೊತ್ತು: ವೈನನ್ನು ಮನುಷ್ಯ ಕಂಡುಹಿಡಿಯಲಿಲ್ಲ, ಅದು ತಾನೇ ಆಯಿತು! ಸಾವಿರಾರು ವರ್ಷಗಳ ಹಿಂದೆ, ಕಾಕೇಶಸ್ ಬೆಟ್ಟಗಳ ಕಡೆ, ಯಾವಳೋ ಗೃಹಿಣಿ ಗಡಿಗೆಗೆ ದ್ರಾಕ್ಷಿ ತುಂಬಿಟ್ಟು ಮರೆತಳಂತೆ. ಮೇಲಿನ ಹಣ್ಣಿನ ಭಾರಕ್ಕೆ ತಳದ ಹಣ್ಣು ಒಡೆಯಿತು. ಸಿಪ್ಪೆಯ ಮೇಲಿದ್ದ ಕಣ್ಣಿಗೆ ಕಾಣದ ಜೀವಿಗಳೇ ರಸವನ್ನು ಹುದುಗಿಸಿದವು.

ನಾನೋ ಗೋಕಾಕದ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ ತಂದವಳು. ಪುರಾವೆಯಿಲ್ಲದೆ ಚಹಾ ಬಿಸಿಯಿದೆ ಎಂದರೂ ನಂಬುವವಳಲ್ಲ.

"ಹೆಪ್ಪ ಹಾಕಲಾರದ ಹಾಲ ಸೈತ ಮೊಸರಾಗೂದಿಲ್ಲ ಕಾಕಾ. ಯಾರೋ ಏನೋ ಬೆರಸಿರಬೇಕ್ರಿ."

"ಹಂಗಾರ ಜಗತ್ತಿನ ಮೊದಲನೇ ಮೊಸರಿಗೆ ಹೆಪ್ಪ ಯಾರ ಕೊಟ್ರವಾ ವಕೀಲವ್ವಾ? ಬಾಜೂ ಮನಿಯವರ?"

ಹೌದಲ್ಲ! ಆದರೆ ಎದುರಾಳಿಯ ಒಳ್ಳೆಯ ಪ್ರಶ್ನೆಯನ್ನು ಒಳ್ಳೆಯ ಪ್ರಶ್ನೆ ಎಂದು ಒಪ್ಪುವುದು ನಮ್ಮ ತರಬೇತಿಯಲ್ಲಿಲ್ಲ. "ಬಾಯಿಮಾತ ಬ್ಯಾಡ್ರಿ, ಮಾಡಿ ತೋರಸ್ರಿ" ಎಂದೆ. ಆಯಿತು, ಮನೆ ಪ್ರಯೋಗಶಾಲೆಯಾಯಿತು.

ಮೊದಲ ಗಡಿಗೆಯ ಬಾಯಿಗೆ ಗಾಳಿ ಆಡದಂತೆ ಮಣ್ಣು ಮೆತ್ತಿದರು. ಒಳಗಿನ ಗಾಳಿಗೂ ಹೊರಗೆ ಹೋಗುವ ಆಸೆಯಿರುತ್ತದೆ ಎಂಬುದನ್ನು ಮರೆತಿದ್ದರು. ಧಡ್! ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಕಾಕಿ ಅಂಗಳಕ್ಕೆ ಓಡಿದರು. ಗೋಡೆಯ ನೇರಳೆ ಬಣ್ಣ ಎರಡು ಸಲ ಸುಣ್ಣ ಬಳಿದರೂ ಇಣುಕುತ್ತದೆ.

ಎರಡನೆಯದಕ್ಕೆ ಮುಚ್ಚಳದಲ್ಲಿ ತೂತು ಮಾಡಿ ಸಣ್ಣ ಕೊಳವೆ ಸಿಕ್ಕಿಸಿದರು. ತೆರೆದು ನೋಡಿದರೆ ಹುಳಿಯಾಗುತ್ತದೆಂದು ಬರೀ ಕಿವಿಯಿಟ್ಟು ಕೇಳುವುದು ಅವರ ಪದ್ಧತಿ. ಗಿರಣಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಡಾಕ್ಟರರ ಹಾಗೆ! "ಒಳಗ ಏನರ ಸತ್ತೈತೇನ" ಎಂದು ಕಾಕಿ ಗುಟ್ಟಾಗಿ ದಿನಾ ತೆರೆದು ನೋಡಿದರು. ಹುಳಿಯಾಯಿತು. ಚೆಲ್ಲಲು ಮನಸ್ಸಾಗದೆ ಅದರಿಂದಲೇ ದೇವರ ಜಗುಲಿಯ ಹಿತ್ತಾಳೆ ಸಾಮಾನು ತಿಕ್ಕಿದರು ನೋಡಿ, ಫಳಫಳ! ಸೆರೆಯಾಗಬೇಕಾದದ್ದು ಶಿವಪೂಜೆಗೆ ಸಂದಿತು.

ಮೂರನೆಯದಕ್ಕೆ ಕಾಕಿ ಷರತ್ತು ಹಾಕಿದರು: "ಇದೂ ಆಗ್ಲಿಲ್ಲಂದ್ರ ಗಡಿಗಿ ತಿಪ್ಪಿಗಿ. ಆಮ್ಯಾಲ ಈ ಮನ್ಯಾಗ ದ್ರಾಕ್ಷಿ ಸುದ್ದಿ ತಗೀಬಾರ್ದ್ರಿ." ಕಾಕಾ ಒಪ್ಪಿದರು. ತೀರ್ಪುಗಾರ್ತಿ ನಾನು.

ಕಾಕಾ, ನಾನು ಇಬ್ಬರೂ ಬಸ್ ಹಿಡಿದು ಹುಕ್ಕೇರಿ ಸಂತೆಗೆ ಹೋದೆವು. ದ್ರಾಕ್ಷಿಯವನು ಗಿರಾಕಿ ಬಂದರೆಂದು ಗೊಂಚಲನ್ನು ಟವೆಲ್ಲಿನಿಂದ ಒರೆಸತೊಡಗಿದ. "ಒರಸಬ್ಯಾಡೋ ಮಾರಾಯಾ, ಜೀವ ಹೋಗತಾವ!" ಎಂದು ಕಾಕಾ ಚೀರಿದ ರಭಸಕ್ಕೆ ಪಕ್ಕದ ಉಳ್ಳಾಗಡ್ಡಿ ಅಂಗಡಿಯವಳು ತಕ್ಕಡಿ ಬಿಟ್ಟಳು. "ತೊಳೀಲಾರದ್ದು, ಔಷಧ ಹೊಡೀಲಾರದ್ದು, ಮ್ಯಾಲ ಬೂದಿ ಕುಂತದ್ದು ಕೊಡು."

"ನನ್ನ ಮಾಲಿಗೆ ಬೂದಿ ಅಂತೀರೇನ್ರಿ ಅಜ್ಜಾರ? ಮುಂದ ನಡೀರಿ!"

ಕೊನೆಗೆ ಮನೆಯ ಬಳ್ಳಿಯ ಹಣ್ಣು ತಂದಿದ್ದ ಮುದುಕಿಯೊಬ್ಬಳು ಸಿಕ್ಕಳು. ಗಡಿಗೆ ತುಂಬಿತು, ಕೊಳವೆಯ ಮುಚ್ಚಳ ಮತ್ತೆ ಕೂತಿತು.

ಕೆಲವು ದಿನ ಬಿಟ್ಟು ನಾನು ತೀರ್ಪಿಗೆ ಹೋದೆ. ಕಾಕಾ ಗಡಿಗೆಯ ಮುಂದೆ ಕೂತಿದ್ದರು. ಕಿವಿ ಹಚ್ಚಿದರು, ಇನ್ನೊಂದು ಕಿವಿ ಹಚ್ಚಿದರು.

"ಸತ್ತೈತವಾ" ಎಂದರು. "ನೀನ ಖರೆ. ತಾನ ಆಗೂದಿಲ್ಲ. ಒಯ್ಯಾಕ ಹೇಳ ನಿಮ್ಮ ಕಾಕಿಗಿ."

ಗೆದ್ದೆ! ಆದರೂ ಪುರಾವೆ ನೋಡದೆ ಕಪ್ ಎತ್ತುವವಳಲ್ಲ ನಾನು. ಬಗ್ಗಿ ಕಿವಿಯಿಟ್ಟೆ.

ಗಡಿಗೆ ಕುದಿಯುತ್ತಿತ್ತು. ಚಟಪಟ, ಚಟಪಟ, ಒಳಗೊಂದು ಸಂತೆಯೇ ನೆರೆದಂತೆ.

"ಕಾಕಾ, ಕೇಳಸ್ತೈತ್ರಿ!" ಎಂದೆ. ಅವರು ತಿರುಗಲಿಲ್ಲ. ಬುಟ್ಟಿ ಹಿಡಿದು ಬಂದ ಕಾಕಿ ಅವರ ಬೆನ್ನ ಹಿಂದೆಯೇ ನಿಂತು, "ಏನ್ರಿ, ಚಾ ಆರಾಕತ್ತೈತಿ" ಎಂದರು. ಆಗಲೂ ತಿರುಗಲಿಲ್ಲ. ನಾನು ಕಾಕಿಯನ್ನು ನೋಡಿದೆ. ಅವರು ನೆಲ ನೋಡಿದರು. ಗಿರಣಿಯ ಸದ್ದು ಕಾಕಾನ ಕಿವಿಯನ್ನು ಮೆಲ್ಲಗೆ ತಿನ್ನುತ್ತಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತು.

ಕಾಕಾನ ತಲೆ ಹಿಡಿದು, ಕೆನ್ನೆಯನ್ನು ಕೊಳವೆಯ ಬಾಯಿಗೆ ಹಚ್ಚಿದೆ. ಗಾಳಿ ಪುಸ್ ಎಂದು ಬಂತು. ಮತ್ತೆ ಬಂತು. ಅವರ ಕಣ್ಣು ಅರಳಿತು.

"ಉಸರಾಡಾಕತ್ತೈತಿ!"

ಸ್ವಲ್ಪ ಹೊತ್ತಿಗೆ ಆ ಮುಖ ಸಣ್ಣದಾಯಿತು. "ಹಂಗಾರ... ಸಪ್ಪಳಾನೂ ಐತೇನವಾ?"

ಕಾಕಿ ಬುಟ್ಟಿಯನ್ನು ಬಾಗಿಲಿಗೆ ಒರಗಿಸಿದರು. ಗಂಡನ ಪಕ್ಕ ನೆಲಕ್ಕೆ ಕೂತು, ಸೆರಗು ಸರಿಸಿ, ತಾವೇ ಗಡಿಗೆಗೆ ಕಿವಿ ಹಚ್ಚಿದರು.

"ಎಳ್ಳ ಹುರದಂಗ ಕೇಳ್ತೈತ್ರಿ" ಎಂದರು. ಆಮೇಲೆ ಅವರ ಕಿವಿಯ ಹತ್ತಿರ ಬಾಯಿ ಒಯ್ದು, ಓಣಿಗೆಲ್ಲ ಕೇಳುವಂತೆ, ಅದನ್ನೇ ಇನ್ನೊಮ್ಮೆ ಹೇಳಿದರು.