ಗುಲ್ಮ ನೋಡಲು ಹೋದದ್ದು

ಪದಕ್ಕೆ ಪದ ಸರಿಯಿರಬೇಕೆಂದು ಹಟ ಹಿಡಿದವನಿಗೆ ಫಜೀತಿ ಹುಡುಕಿಕೊಂಡು ಬರುತ್ತದೆ. ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿಯಿತ್ತು. ಕೊಲ್ಲಿ ದೇಶಕ್ಕೆ ಹೊರಟವರ ವೈದ್ಯಕೀಯ ಸರ್ಟಿಫಿಕೇಟನ್ನು ಅಲ್ಲಿ ಅರಬ್ಬಿಗೆ ಇಳಿಸುತ್ತಿದ್ದೆವು. ಇಂಗ್ಲಿಷ್ ನನ್ನದು, ಅರಬ್ಬಿ ಮೌಲ್ವಿ ಸಾಹೇಬರದು, ವೈದ್ಯಶಾಸ್ತ್ರ ಇಬ್ಬರಿಗೂ ಬಾರದು. ಖಾನಾಪುರದ ಒಬ್ಬ ಲಾರಿ ಡ್ರೈವರನ ಕಾಗದವಂತೂ ಒಂದೇ ದಿನ ಮೂರು ಸಲ ಕಾಡಿತು. ಸಂಜೆಯೊಳಗೆ ಅದು ಕೈಗೆ ಬರದಿದ್ದರೆ ಅವನ ಮುಂಬಯಿ ಗಾಡಿಯೂ ತಪ್ಪುತ್ತಿತ್ತು, ನೌಕರಿಯೂ ತಪ್ಪುತ್ತಿತ್ತು.

ಒಂದು

ಅರಬ್ಬಿಯಲ್ಲಿ ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಹೇಳಿಸುವುದು ನನ್ನ ನಿಯಮ. ಮೌಲ್ವಿ ಸಾಹೇಬರು ‘ದೇವರ ದಯದಿಂದ ಕ್ಷಯವಿಲ್ಲ’ ಎಂದರು. ಮೂಲದಲ್ಲಿ ದೇವರಿಲ್ಲ, ತೆಗೆಯಿರಿ ಎಂದೆ.

“ಡಾಕ್ಟರ್ ಮರತಾರಂತ ನಾನೂ ಮರೀಲೇನ್ರಿ?”

ಅವರು ಬಗ್ಗಲಿಲ್ಲ. ಮೂಲವನ್ನೇ ತಿದ್ದಿಸಲು ಡಾಕ್ಟರ ಬಳಿಗೆ ಓಡಿದೆ. ಅವರು ಪೆನ್ನು ತೆಗೆದು ತಣ್ಣಗೆ ಕೇಳಿದರು: “ದೇವರ ದಯಾ ಕ್ಷಯಕ್ಕಷ್ಟ ಸಾಕೋ, ಮೂಲವ್ಯಾಧಿಗೂ ಬೇಕೋ?”

ಎರಡು

ಮರಳಿ ಬಂದು, ಇಲ್ಲದ ರೋಗಗಳ ಪಟ್ಟಿಯನ್ನು ಡ್ರೈವರನಿಗೆ ಓದಿ ಹೇಳಿದೆ. ಅವನ ಮುಖ ಬಿಳಿಚಿತು. ಇವೆಲ್ಲ ನಿನಗಿಲ್ಲವೆಂದೇ ಬರೆದಿದೆಯಪ್ಪಾ ಎಂದೆ.

“ಇಲ್ಲ ಅನ್ನಾಕ ಇಷ್ಟುದ್ದ ಯಾಕ್ರೀ ಸಾಹೇಬ್ರ? ನಮ್ಮ ತಹಶೀಲ್ದಾರ್ರು ಒಂದ ಮಾತಿನ್ಯಾಗ ಇಲ್ಲ ಅಂತಾರು.”

ಮೂರು

ಕೊನೆಯ ಸಾಲು, ‘ಗುಲ್ಮ ಊದಿಲ್ಲ’. ಗುಲ್ಮವೆಂದರೆ, ಅಂದರೆ ಇಂಗ್ಲಿಷಿನ ಸ್ಪ್ಲೀನ್, ಹೊಟ್ಟೆಯೊಳಗಿನ ಯಾವ ಅಂಗವೆಂದು ಮೌಲ್ವಿ ಸಾಹೇಬರಿಗೆ ತಿಳಿಯಲಿಲ್ಲ. ಕುರಿಯ ಹೊಟ್ಟೆಯಲ್ಲಿ ತೋರಿಸಿದರೆ ಅರಬ್ಬಿ ಹೆಸರು ಹೇಳುತ್ತೇನೆ ಎಂದರು.

ನಮ್ಮದು ಲಿಂಗ ಕಟ್ಟಿದ ಮನೆತನ, ತತ್ತಿ ಕೂಡ ಹೊಸ್ತಿಲು ದಾಟಿಲ್ಲ. ಆದರೆ ಅಂದಾಜಿನ ಪದ ಹಾಕಿ ಕಳಿಸುವವನೂ ನಾನಲ್ಲ. ಅಂಗರಚನೆಯ ಪುಸ್ತಕ ಹಿಡಿದು, ಮೌಲ್ವಿ ಸಾಹೇಬರನ್ನೂ ಕರೆದುಕೊಂಡು ಮಟನ್ ಅಂಗಡಿಯ ಮುಂದೆ ನಿಂತೆ. ಇದಲ್ಲ, ಅದು ತೋರಿಸು ಎಂದು ಅರ್ಧ ತಾಸು ಹುಡುಕಿದ ಮೇಲೆ ಗುಲ್ಮ ಸಿಕ್ಕಿತು. ಮೌಲ್ವಿ ಸಾಹೇಬರು ಕಂಡ ಕೂಡಲೆ ಹೆಸರು ಹೇಳಿದರು. ಡ್ರೈವರ ಗಾಡಿ ಹತ್ತಿದ.

ಅವನು ಮುಂಬಯಿ ಮುಟ್ಟುವ ಮೊದಲೇ ಸುದ್ದಿ ನನ್ನ ಮಾವನವರನ್ನು ಮುಟ್ಟಿತ್ತು. ಮನೆಗೆ ಬಂದವರು ನೀರನ್ನೂ ಮುಟ್ಟದೆ, ಖರೇ ಏನು ಎಂದು ಕೇಳಿದರು. ನಾನು ಸುಳ್ಳು ಹೇಳುವವನಲ್ಲ. ಹೋಗಿದ್ದೆ, ಏನೂ ಕೊಳ್ಳಲಿಲ್ಲ, ಗುಲ್ಮವನ್ನಷ್ಟೇ ನೋಡಿ ಬಂದೆ ಎಂದೆ.

ಮಾವನವರು ಮಗಳ ಕಡೆ ತಿರುಗಿದರು.

“ತಿಂದಿದ್ರ ಮಠಕ್ಕ ಕರಕೊಂಡು ಹೋಗಿ ಶುದ್ಧ ಮಾಡಸಬಹುದಿತ್ತವ್ವಾ. ಬರೇ ನೋಡಾಕ ಹೋಗಿದ್ರು ಅಂದ್ರ ಧಾರವಾಡದ ಹುಚ್ಚಾಸ್ಪತ್ರಿಗೇ ಒಯ್ಯಬೇಕು.”