ಹಳ್ಳದ ಕೆಳಗೊಂದು ಸಮುದ್ರದ ಕೇಬಲ್

ಸಮುದ್ರದ ಬಗ್ಗೆ ಧೈರ್ಯವಾಗಿ ಮಾತನಾಡಬೇಕೆಂದರೆ ಅದರಿಂದ ಸಾಕಷ್ಟು ದೂರ ಮನೆ ಮಾಡಿರಬೇಕು ಎಂಬುದು ನನ್ನ ಅನುಭವ. ನಾನು ಹುಟ್ಟಿದ್ದು ಮಸ್ಕಿಯಲ್ಲಿ, ನೌಕರಿ ಲಿಂಗಸುಗೂರಿನಲ್ಲಿ, ಹೆಣ್ಣು ತಂದದ್ದು ಸಿಂಧನೂರಿನ ಕಡೆಯಿಂದ. ಈ ಮೂರೂರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಒಂದು ಸಲ, ಅದೂ ಮೊಣಕಾಲ ತನಕ. ಆದರೂ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು, ಸಮುದ್ರದ ತಳದಲ್ಲಿ ಮಲಗಿರುವ ಆಪ್ಟಿಕಲ್ ಫೈಬರ್ ಕೇಬಲ್ಲನ್ನು ಹೇಗೆ ಕಟ್ಟುತ್ತಾರೆಂದು ಪ್ರತಿ ವರ್ಷ ಗಂಭೀರವಾಗಿ ಪಾಠ ಮಾಡುತ್ತೇನೆ. ನಟ್ಟನಡುವೆ ಕೂದಲಿನಂಥ ಗಾಜಿನ ಎಳೆಗಳು. ಅವು ನಲುಗದಂತೆ ಸುತ್ತ ಜಿಡ್ಡು. ಜಿಡ್ಡಿಗೊಂದು ಕೊಳವೆ, ಅದರ ಸುತ್ತ ಉಕ್ಕಿನ ತಂತಿ, ಆಮೇಲೆ ತಾಮ್ರ, ಎಲ್ಲದರ ಮೇಲೆ ಪ್ಲಾಸ್ಟಿಕ್ಕಿನ ಕರಿಕೋಟು. ಬೋರ್ಡಿನ ಮೇಲೆ ಒಂದರ ಹೊರಗೊಂದು ವೃತ್ತ ಬರೆಯುತ್ತ ಹೋದರೆ ಹಿಂದಿನ ಬೆಂಚಿನವರಿಗೆ ಉಳ್ಳಾಗಡ್ಡಿ ಕೊಯ್ದಿಟ್ಟಂತೆ ಕಾಣುತ್ತದಂತೆ. ನನಗೆ ಮಾತ್ರ ಆ ಪಾಠ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಮೈಲಿಗಟ್ಟಲೆ ಆಳದಲ್ಲಿ ಆ ಕೇಬಲ್ಲು ಹೆಬ್ಬೆರಳಿನಷ್ಟೇ ದಪ್ಪ. ದಂಡೆಗೆ ಬಂದಾಗಲೇ ಅದಕ್ಕೆ ಮತ್ತೆ ಉಕ್ಕಿನ ಅಂಗಿ ತೊಡಿಸುತ್ತಾರೆ. ಏಕೆಂದರೆ ಆಳದಲ್ಲಿ ಅದನ್ನು ಕಾಡುವವರಿಲ್ಲ. ದಂಡೆಯಲ್ಲಿ ದೋಣಿ, ಲಂಗರು, ಬಲೆ ಮತ್ತು ಮನುಷ್ಯರಿದ್ದಾರೆ.

ಈ ವಿದ್ಯೆ ನನ್ನ ಸಂಸಾರದೊಳಗೆ ಕಾಲಿಟ್ಟದ್ದು ನನ್ನ ಹೆಂಡತಿಯ ತಂಗಿ ಅಂಬಮ್ಮನಿಂದ. ಅಂಬಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ, ಮಾತಿಲ್ಲ. ಸಾಲಗುಂದದ ಆಚೆ, ಒಂದು ಹಳ್ಳ ದಾಟಿ, ಹೊಲದಲ್ಲೇ ಅವಳ ಮನೆ. ಗಂಡ ಅಮರೇಗೌಡ ಮನೆಅಳಿಯ. ನನ್ನ ಅತ್ತೆಯೂ ಅವರ ಜೊತೆಗೇ ಇದ್ದಾರೆ. ಅಂಬಮ್ಮ ಕಿವುಡರ ಶಾಲೆಗೆ ಹೋದವಳಲ್ಲ. ಅಕ್ಕತಂಗಿಯರಿಬ್ಬರೂ ಸಣ್ಣವರಿದ್ದಾಗಲೇ ಭತ್ತದ ಗದ್ದೆಯ ಬದುವಿನ ಮೇಲೆ ಕೂತು ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಅದರಲ್ಲಿ ಅವ್ವನಿದ್ದಾಳೆ, ಎಮ್ಮೆಯಿದೆ, ಸಿಟ್ಟಿದೆ, ಊರಿನ ಪ್ರತಿಯೊಬ್ಬರಿಗೂ ಒಂದೊಂದು ಸನ್ನೆಯಿದೆ. ನನ್ನ ಹೆಂಡತಿ ಸುವರ್ಣಾ ಲಿಂಗಸುಗೂರಿಗೆ ಬಂದ ಮೇಲೆ ಆ ಭಾಷೆ ಮೊಬೈಲಿನ ವಿಡಿಯೋ ಕಾಲಿಗೆ ಏರಿತು. ದಿನಾ ಸಂಜೆ ಇಬ್ಬರೂ ಎದುರಾಬದುರಾ ಕೂತು ಕೈ ಬೀಸುವುದನ್ನು ನೋಡಿದರೆ, ಗೊತ್ತಿಲ್ಲದವರು ಜಗಳ ಅಂದುಕೊಳ್ಳಬೇಕು.

ನಮ್ಮಂಥವರಿಗೆ ಫೋನು ಕಿರಿಕಿರಿ ಮಾಡಿದರೆ "ಹಲೋ, ಹಲೋ" ಎಂದು ಗಂಟಲು ಹರಿದುಕೊಂಡಾದರೂ ಕೆಲಸ ಸಾಗುತ್ತದೆ. ಕೈಭಾಷೆಯವರಿಗೆ ಆ ಭಾಗ್ಯವಿಲ್ಲ. ಚಿತ್ರ ನಿಂತರೆ ಮಾತು ನಿಂತಂತೆ. ಆ ಹೊಲದಲ್ಲಿ ಸಿಗ್ನಲ್ಲು ಅಳಿಯನಂತೆ, ಬಂದರೆ ಬಂತು. ಒಂದು ಮಧ್ಯಾಹ್ನ ಅಂಬಮ್ಮ ಕರೆ ಮಾಡಿದಳು. ಮೊದಲು "ಅವ್ವ" ಎಂಬ ಸನ್ನೆ. ಆಮೇಲೆ ಕೈ ಮೇಲೆತ್ತಿ ಬೆರಳು ಅರಳಿಸಿದಳು, ಅಂದರೆ "ಮುಗೀತು." ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಆಕಾಶಕ್ಕೆ ಕೈಯೆತ್ತಿ, ಬಾಯಿ ಅರ್ಧ ತೆರೆದು ನಿಂತ ತಂಗಿಯನ್ನು ಪರದೆಯ ಮೇಲೆ ನೋಡಿ ಸುವರ್ಣಾ ಅಲ್ಲೇ ನೆಲಕ್ಕೆ ಕುಸಿದಳು. ಅಮರೇಗೌಡನ ಫೋನು ಹತ್ತಲಿಲ್ಲ. ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಮಸ್ಕಿಯಲ್ಲಿ ಬಸ್ಸೇರಿದ ನಮ್ಮ ದೂರದ ಸಂಬಂಧಿಯೊಬ್ಬರು ವಿಷಯ ಕೇಳಿ, ಸಿಂಧನೂರು ಬರುವಷ್ಟರಲ್ಲಿ ಊರಿಗೆಲ್ಲ ಫೋನು ಮಾಡಿ ಮುಗಿಸಿದ್ದರು. ಹಳ್ಳ ದಾಟಿ ಅಂಗಳಕ್ಕೆ ಕಾಲಿಟ್ಟಾಗ ನನ್ನ ಅತ್ತೆ ಕಟ್ಟಿಗೆ ಒಲೆಯ ಮುಂದೆ ಕೂತು, ಹೊಗೆಯಲ್ಲಿ ಕಣ್ಣುಜ್ಜುತ್ತ ರೊಟ್ಟಿ ಬಡಿಯುತ್ತಿದ್ದರು. ಹಾಡಿಕೊಂಡು ಅಳುತ್ತ ಬಂದ ಮಗಳನ್ನು ನೋಡಿ ಗಾಬರಿಯಿಂದ ಎದ್ದರು.

"ಯಾಕಬೇ ಸುವರ್ಣಾ, ಯಾರ್ ಹೋದ್ರು?"

"ನೀನ ಹೋಗೀದಿ ಅಂತ ಬಂದೀವಿ!" ಎಂದು ಅವರನ್ನು ತಬ್ಬಿಕೊಂಡು ಇವಳು ಮತ್ತಷ್ಟು ಅತ್ತಳು.

ಮುಗಿದದ್ದು ಗ್ಯಾಸ್ ಸಿಲಿಂಡರ್. "ಅವ್ವಂದು ಮುಗದೈತಿ, ಸಿಲಿಂಡರು" ಎಂಬ ವಾಕ್ಯದಲ್ಲಿ ಕೊನೆಯ ಪದ ಹಳ್ಳ ದಾಟಿರಲಿಲ್ಲ. ನಾವೆಲ್ಲ ನಕ್ಕೆವು. ಅಂಬಮ್ಮ ಮಾತ್ರ ನಗಲಿಲ್ಲ. ತಾನೊಂದು ಹೇಳಿದರೆ ಅಕ್ಕನಿಗೆ ಇನ್ನೊಂದು ತಲುಪಿ, ಅವಳು ಅಷ್ಟು ದೂರ ಅಳುತ್ತ ಬಂದಳಲ್ಲ ಎಂದು ಅವಳ ಮುಖ ಕಪ್ಪಿಟ್ಟಿತು. ಅದನ್ನು ನೋಡಿ ನಮ್ಮ ನಗೆಯೂ ಅಡಗಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಸುವರ್ಣಾ ನನ್ನ ಕಡೆ ತಿರುಗಿದಳು. "ಏನ್ರೀ, ಸಮುದ್ರದಾಗ ವೈರ್ ಹೆಂಗ್ ಹಾಕ್ತಾರಂತ ವರ್ಷಾ ಹುಡುಗ್ರಿಗೆ ಹೇಳ್ತೀರಿ. ನನ್ನ ತಂಗಿ ಮನಿ ಮುಂದಿನ ಹಳ್ಳ ದಾಟ್ಸಾಕ ಆಗಂಗಿಲ್ಲೇನು?"

ಹಳ್ಳದ ಈಚೆ ದಂಡೆಯ ತನಕ ಫೈಬರ್ ಬಂದಿತ್ತು. ಸಿಂಧನೂರಿನ ಕೇಬಲ್ ಖಾಜಾಹುಸೇನ ಅದನ್ನು ಎರಡು ಜಾಲಿಮರಗಳ ನಡುವೆ ಹಳ್ಳದ ಮೇಲಿಂದ ಎಳೆದೂ ನೋಡಿದ್ದ. ಆದರೆ ಆ ಜಾಗದಲ್ಲೇ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಹಳ್ಳಕ್ಕಿಳಿಯುತ್ತವೆ. ಹುಲ್ಲಿನ ಹೇರು ಪ್ರತಿ ಸಲವೂ ವೈರನ್ನು ಕೊರಳಿಗೆ ಹಾಕಿಕೊಂಡು ಊರು ಸೇರುತ್ತಿತ್ತು. "ಮ್ಯಾಲಿಂದ ಆಗೂ ಮಾತಲ್ಲ ಬಿಡ್ರಿ ಸರ್" ಎಂದ ಖಾಜಾ. "ಹಂಗಾದ್ರ ಕೆಳಗಿಂದ ಹೋಗೂಣು" ಎಂದೆ ನಾನು. ಆ ಮಾತು ಹೇಳುವಾಗ ನನ್ನ ದನಿ ನನಗೇ ಹಡಗಿನ ಕಪ್ತಾನನ ದನಿಯಂತೆ ಕೇಳಿಸಿತು.

ಬೇಸಿಗೆಯಲ್ಲಿ ನೀರು ಇಳಿದಾಗ ಪಂಚಾಯ್ತಿಯವರ ಒಪ್ಪಿಗೆ ಪಡೆದು ಕೆಲಸ ಹಿಡಿದೆವು. ನಾನು ಕಟ್ಟುನಿಟ್ಟು ಮಾಡಿದೆ. ನೀರಿನ ಕೆಳಗೆ ಜೋಡಣೆ ಕೂಡದು, ಒಂದೇ ತುಂಡು ಇರಬೇಕು. ಎಲ್ಲೂ ಮುರಿದಂತೆ ತಿರುವು ಬರಬಾರದು. ಗಾಜಿನ ಎಳೆ ಹೆಚ್ಚು ಬಾಗಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಉಕ್ಕಿನ ಹೊದಿಕೆಯಿದ್ದ ಕೇಬಲ್ಲನ್ನು ದಪ್ಪ ಕರಿಪೈಪಿನೊಳಗೆ ತೂರಿಸಿ, ಹಳ್ಳದ ತಳದಲ್ಲಿ ತಗ್ಗು ತೋಡಿ ಹೂಳಿಸಿದೆ. ಅಮರೇಗೌಡ ಹಳ್ಳದ ನಡುವೆ ನಿಂತು, "ಅಣ್ಣಾರ, ನೀರಿನ ಸೆಳವು ಇರೂದು ಇಲ್ಲೆ. ಕಬ್ಬಿಣದ ಪೈಪು ಇಲ್ಲೆ ಹಾಕ್ರಿ" ಎಂದ. "ನಡುವೆ ಆಳಕ್ಕೆ ಹೂಳಿದರೆ ಸಾಕು, ಅಪಾಯ ಇರುವುದು ದಂಡೆಯಲ್ಲಿ" ಎಂದು ಅವನಿಗೆ ಪೂರ್ತಿ ಒಂದು ಪಾಠ ಮಾಡಿದೆ. ಲಂಗರು, ಬಲೆ ಎಲ್ಲ ಬಂತು. ಅವನು ತಲೆ ಕೆರೆದುಕೊಂಡು, "ನಮ್ಮಲ್ಲಿ ಲಂಗರು ಯಾರ್ ಒಗೀತಾರ್ರೀ? ಎಮ್ಮಿ ಇಳೀತಾವ ಅಷ್ಟ" ಎಂದ. ಎಮ್ಮೆಯಾದರೇನು, ಲಂಗರಾದರೇನು ಎಂದು ಹಳೆ ಬೋರ್‌ವೆಲ್ಲಿನ ಕಬ್ಬಿಣದ ಪೈಪುಗಳನ್ನು ಎರಡೂ ದಂಡೆಯಲ್ಲಿ ಹೂಳಿಸಿಯೇ ಬಿಟ್ಟೆ.

ಇನ್ನೊಂದು ಸಂಗತಿ ಇತ್ತು. ಸಮುದ್ರದ ಕೇಬಲ್ಲಿನೊಳಗಿನ ತಾಮ್ರ ಇರುವುದು ಕರೆಂಟು ಒಯ್ಯಲಿಕ್ಕೆ. ದಾರಿಯಲ್ಲಿ ದಣಿದ ಬೆಳಕಿಗೆ ಶಕ್ತಿ ತುಂಬುವ ಪೆಟ್ಟಿಗೆಗಳು ನೀರಿನ ತಳದಲ್ಲಿರುತ್ತವೆ; ಅವುಗಳ ಬುತ್ತಿಯನ್ನು ಕೇಬಲ್ಲೇ ಹೊತ್ತೊಯ್ಯಬೇಕು. ನಮ್ಮ ಹಳ್ಳಕ್ಕೆ ಅಂಥ ಪೆಟ್ಟಿಗೆ ಬೇಕಿರಲಿಲ್ಲ. ಆದರೆ ಹೊಲದ ಮನೆಯ ಕರೆಂಟು ಮೋಡ ಕಂಡರೆ ಹೋಗುತ್ತದೆ. ಹಾಗಾಗಿ ವೈಫೈ ಪೆಟ್ಟಿಗೆಯ ಪಕ್ಕ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಕೂಡ್ರಿಸಿದೆ. ದೇವರ ಜಗಲಿಯ ಪಕ್ಕದಲ್ಲೇ ಅದಕ್ಕೆ ಜಾಗ ಸಿಕ್ಕಿದ್ದರಿಂದ ನನ್ನ ಅತ್ತೆ ಮರುದಿನದಿಂದ ಅದಕ್ಕೂ ವಿಭೂತಿ ಹಚ್ಚತೊಡಗಿದರು.

ಇಷ್ಟೆಲ್ಲ ಏನು ನಡೆದಿದೆ ಎಂದು ಅಂಬಮ್ಮ ಕೇಳಿದಳು. ನಾನು ಹೇಳುತ್ತ ಹೋದೆ, ಸುವರ್ಣಾ ಕೈಯಲ್ಲಿ ಹೇಳುತ್ತ ಹೋದಳು. ಗಾಜಿನ ಎಳೆಗೆ ಕೂದಲು ತೋರಿಸಿದಳು. ಜಿಡ್ಡಿಗೆ ತಲೆಗೆ ಎಣ್ಣೆ ಹಚ್ಚಿದಂತೆ ಮಾಡಿದಳು. ತಂತಿ ಸುತ್ತುವುದಕ್ಕೆ ಜಡೆ ಹೆಣೆದಂತೆ ಮಾಡಿದಳು. ಅಂಬಮ್ಮನ ಕಣ್ಣರಳಿತು. ತನ್ನ ಜಡೆಯನ್ನು ಮುಂದಕ್ಕೆಳೆದುಕೊಂಡು, ಹಳ್ಳದ ಕಡೆ ಬೆರಳು ಮಾಡಿ, ಅದರೊಳಗೆ ಕೈಗಳು ಮಾತಾಡುತ್ತ ಓಡುವಂತೆ ತೋರಿಸಿದಳು. ಇಷ್ಟು ವರ್ಷದಲ್ಲಿ ನನ್ನ ಪಾಠ ಅಷ್ಟು ಬೇಗ ಯಾರಿಗೂ ತಿಳಿದಿರಲಿಲ್ಲ.

ಆ ವರ್ಷದ ಮಳೆ ಜೋರು ಹಿಡಿಯಿತು. ಒಂದು ಮುಂಜಾನೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅಂಬಮ್ಮನ ಕರೆ ಬಂತು. ಅವಳು ಫೋನನ್ನು ತಿರುಗಿಸಿದಳು. ಅತ್ತೆ ಗೋಡೆಗೆ ಒರಗಿ ಒಂದು ಕಡೆ ವಾಲಿದ್ದರು. ಕರೆದರೆ ಕಣ್ಣು ತೆರೆದು ಏನೋ ಅಸಂಬದ್ಧ ಗೊಣಗಿ ಮತ್ತೆ ಮುಚ್ಚುತ್ತಿದ್ದರು. ಹಿಂದಿನ ದಿನ ಸಿಂಧನೂರಿಗೆ ಹೋದ ಅಮರೇಗೌಡ ಹಳ್ಳ ಉಕ್ಕಿ ಈಚೆಯೇ ಉಳಿದಿದ್ದ. ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಆ ಮನೆಯಿಂದ ಹೊರಗಿನ ಲೋಕಕ್ಕೆ ಉಳಿದಿದ್ದ ದಾರಿ ಹಳ್ಳದ ಕೆಳಗಿನ ಆ ಗಾಜಿನ ಎಳೆ ಒಂದೇ.

ಈ ಸಲ ಸುವರ್ಣಾಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ತಂಗಿಗೆ "ತಡಿ" ಎಂದು ಸನ್ನೆ ಮಾಡಿ, ನನ್ನ ಫೋನು ಕಸಿದುಕೊಂಡು ನರ್ಸ್ ಶಿಖಾಳಿಗೆ ಹಚ್ಚಿದಳು. ಶಿಖಾ ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಮನೆತನದವಳು. ಹಳ್ಳದ ಆಚೆ ದಂಡೆಯ ಊರಲ್ಲೇ ನೌಕರಿ, ಅಲ್ಲೇ ಮನೆ; ಊರೊಳಗೆ ಸಿಗ್ನಲ್ಲು ಸಿಗುತ್ತದೆ. ಅತ್ತೆಯ ಸಕ್ಕರೆ ಕಾಯಿಲೆ ಅವಳಿಗೆ ಗೊತ್ತು.

"ಅಕ್ಕಾರ, ಬೆವರೈತೇನು ನೋಡ್ರಿ" ಎಂದಳು ಶಿಖಾ.

ಸುವರ್ಣಾ ಸನ್ನೆ ಮಾಡಿದಳು. ಅಂಬಮ್ಮ ಅವ್ವನ ಹಣೆ ಒರೆಸಿ, ತೊಯ್ದ ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿದಳು.

"ಐತಿ, ಭಾಳ ಐತಿ."

"ಗುಳಿಗಿ ತಗೊಂಡಾರೇನು? ಏನರ ಉಂಡಾರೇನು?"

ಕೈಗಳು ಓಡಿದವು. ಗುಳಿಗೆ ನುಂಗಿದ್ದಾರೆ, ಉಂಡಿಲ್ಲ. ಅಳಿಯ ಬರಲಿ ಎಂದು ಕೂತಿದ್ದರಂತೆ.

"ಸಕ್ಕರಿ ಇಳದೈತ್ರಿ. ಕೊಟ್ಟದ್ದು ನುಂಗ್ತಾರಂದ್ರ ಸಕ್ಕರಿ ನೀರು ಚೂರ್ ಚೂರ ಕುಡಸಾಕ ಹೇಳ್ರಿ. ನುಂಗ್ಲಿಲ್ಲಂದ್ರ ಬ್ಯಾಡ. ನಾ ಟ್ರ್ಯಾಕ್ಟರ್ ಹತ್ತಾಕತ್ತೀನಿ."

ನಾನು ಏನಾದರೂ ಮಾಡಬೇಕೆಂದು ಪರದೆಯ ಹತ್ತಿರ ಬಾಗಿದೆ. "ಸರೀರಿ ಆಕಡೆ! ನಿಮ್ಮ ನೆಳ್ಳು ನನ್ನ ಕೈಮ್ಯಾಲೆ ಬೀಳಾಕತ್ತೈತಿ" ಎಂದಳು ಸುವರ್ಣಾ. ಸರಿದೆ. ಮೂಲೆಯಲ್ಲಿ ನಿಂತು ನೋಡಿದೆ. ಅಂಬಮ್ಮ ಫೋನನ್ನು ಚೆಂಬಿಗೆ ಆನಿಸಿ, ಅವ್ವನ ತಲೆಯನ್ನು ತೋಳಿನ ಮೇಲೆ ಎತ್ತಿ, ಚಮಚದಿಂದ ಗುಟುಕು ಗುಟುಕು ಕುಡಿಸುತ್ತಿದ್ದಳು. ಪ್ರತಿ ಗುಟುಕಿಗೂ ತಲೆಯೆತ್ತಿ ಅಕ್ಕನ ಕೈ ನೋಡುತ್ತಿದ್ದಳು. ಅಷ್ಟು ಹೊತ್ತಿನಲ್ಲಿ ಒಮ್ಮೆಯಾದರೂ ಚಿತ್ರ ನಿಂತಿದ್ದರೆ ನನ್ನ ಎದೆಯೂ ನಿಲ್ಲುತ್ತಿತ್ತೇನೋ. ನಿಲ್ಲಲಿಲ್ಲ. ಶಿಖಾ ಮಳೆಯಲ್ಲಿ ತೊಯ್ದು ಒಳಗೆ ಬರುವ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು, ಸುತ್ತ ನೋಡಿ, "ಏನಬೇ ಇದು, ಮುಖದ ತುಂಬ ಅಂಟು ಅಂಟು" ಎಂದು ಮಗಳನ್ನು ಗದರುತ್ತಿದ್ದರು. ಆಗ ಸುವರ್ಣಾ ಅಳಲಿಕ್ಕೆ ಶುರು ಮಾಡಿದಳು. ನಾನೂ ಒಳಮನೆಗೆ ಹೋಗಿ ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತೆ.

ನೀರಿಳಿದ ಮೇಲೆ ಹೋಗಿ ನೋಡಿದೆವು. ಮನೆಯ ಕಡೆಯ ದಂಡೆ ಕುಸಿದು, ಕಬ್ಬಿಣದ ಪೈಪು ಮಣ್ಣಿನಿಂದ ಹೊರಬಿದ್ದು ನೆಗ್ಗಿತ್ತು. ಕೊಚ್ಚಿ ಬಂದ ಮರದ ಬೊಡ್ಡೆಯೊಂದು ಅದರ ಮೇಲೆ ಅಡ್ಡ ಕೂತಿತ್ತು. ಒಳಗಿನ ಕೇಬಲ್ಲಿಗೆ ಗೀರಿಲ್ಲ. ಅಮರೇಗೌಡ ಆ ನೆಗ್ಗಿನ ಮೇಲೆ ಕೈಯಾಡಿಸಿ, "ದಂಡಿಗೆ ಹಾಕ್ಸಿದ್ದು ಚಲೋ ಆತ್ರಿ ಅಣ್ಣಾರ" ಎಂದ. ಎಷ್ಟೋ ವರ್ಷಗಳ ನೌಕರಿಯಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಸಮುದ್ರದ ಕೇಬಲ್ಲಿನ ಪಾಠ ಮಾಡುವಾಗ ಈಗ ನನ್ನ ದನಿ ಇನ್ನಷ್ಟು ಏರುತ್ತದೆ ಎಂದು ವಿದ್ಯಾರ್ಥಿಗಳು ದೂರುತ್ತಾರೆ.

ಆದರೆ ಒಂದು ಯೋಚನೆ ಕೊರೆಯುತ್ತಿತ್ತು. ಅಷ್ಟೆಲ್ಲ ತೋಡಿ, ಹೂಳಿ, ದಾರಿ ಮಾಡಿಕೊಟ್ಟವನಿಗೆ ಆ ದಾರಿಯಲ್ಲಿ ಹೋಗುವ ಮಾತು ಒಂದೂ ತಿಳಿಯದು. ಇಷ್ಟು ವರ್ಷ ನಾನು ಅಂಬಮ್ಮನಿಗೆ ಕೈಮುಗಿದಿದ್ದೇನೆ, ನಕ್ಕಿದ್ದೇನೆ, ಅಷ್ಟೇ. ಕಲಿಯಬೇಕೆಂದು ಹಠ ಹಿಡಿದೆ. ಸುವರ್ಣಾ ಕಲಿಸಿದಳು, ನಕ್ಕಳು, ಮತ್ತೆ ಕಲಿಸಿದಳು. ಮೊನ್ನೆ ಅವಳು ಮಸ್ಕಿಗೆ ಒಂದು ಮದುವೆಗೆ ಹೋದಾಗ ನಾನೇ ಧೈರ್ಯ ಮಾಡಿ ಅಂಬಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಅವ್ವ ಆರಾಮ ಅದಾಳೇನು?" ಎಂದು ಕೈಯಲ್ಲಿ ಕೇಳಿದೆ. ಅಂಬಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯನ್ನು ತೋರಿಸಿದಳು. ಅದರ ಹೊಟ್ಟೆ ಸವರಿ ತಲೆಯಾಡಿಸಿದಳು. ಮನೆತನದ ಮಂದಿಯನ್ನೆಲ್ಲ ತೋರಿಸುತ್ತಿದ್ದಾಳೆ, ಎಷ್ಟು ಪ್ರೀತಿ ಎಂದುಕೊಂಡೆ. ಆಮೇಲೆ ಅವಳೇ ಏನೋ ಕೇಳಿದಳು. ಚಿತ್ರ ಕನ್ನಡಿಯಷ್ಟು ಸ್ವಚ್ಛವಿತ್ತು. ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ಮೇಷ್ಟ್ರ ಜಾತಿಗೆ ಕಷ್ಟ. ದೊಡ್ಡದಾಗಿ ತಲೆಯಾಡಿಸಿ "ಹ್ಞೂಂ" ಎಂದೆ. ಅವಳಿಗೆ ಭಾರೀ ಖುಷಿಯಾಯಿತು.

ಸಂಜೆ ಸುವರ್ಣಾ ಬಂದು ತಂಗಿಯ ಜೊತೆ ಮಾತಾಡಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಗೆ ಬಂದಳು. ನಾನು ಕೇಳಿದ್ದು, "ಎಮ್ಮಿ ಗಬ್ಬ ಐತೇನು?" ಅಂಬಮ್ಮ ಐತಿ ಎಂದು ತೋರಿಸಿ, "ಕರ ಹಾಕೂ ಮುಂದ ನೀವ ಬಂದು ನಿಂತು ನೋಡ್ಕೋತೀರೇನು?" ಎಂದು ಕೇಳಿದ್ದಳಂತೆ. ನಾನು ಒಪ್ಪಿದ್ದೇನೆ. ಭಾವ ಬರುತ್ತಾರೆಂದು ಅವಳು ಊರ ದನದ ಡಾಕ್ಟರಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದ್ದಾಳೆ. ಈಗ ನಾನು ಪ್ರಿನ್ಸಿಪಾಲರಿಗೆ ರಜೆ ಕೇಳಬೇಕು. ಕಾರಣ ಏನು ಹೇಳುವುದೆಂದು ತಿಳಿಯದೆ ಎರಡು ಸಲ ಅವರ ಕೋಣೆಯ ಬಾಗಿಲ ತನಕ ಹೋಗಿ ತಿರುಗಿ ಬಂದಿದ್ದೇನೆ.