ಎರಡು ಏಟು ಕಡಿಮೆ ಇರುವ ರೀಲು

ಪಿಟೀಲು ನುಡಿಸಿ ಹೊಟ್ಟೆ ಹೊರೆಯುವವನಿಗೆ ಫಜೀತಿಗಳು ಹುಡುಕಿಕೊಂಡು ಬರುತ್ತವೆ, ವಿಳಾಸ ಕೊಡಬೇಕಾಗಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ಒಂದೇ ಒಂದು ಟ್ಯೂನ್ ನನ್ನನ್ನು ಗೋಳು ಹುಯ್ದುಕೊಂಡಷ್ಟು ಯಾವ ಮದುವೆ ಮನೆಯೂ ಹುಯ್ದುಕೊಂಡಿಲ್ಲ.

ಫಾದರ್ ತಿದ್ದುಪಡಿ ಒಪ್ಪಲಿಲ್ಲ

ಆಗ ನಾನು ಸೇಲಂ ಪಕ್ಕದ ಬೆಟ್ಟದ ಮೇಲಿರುವ ಏರ್ಕಾಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಐರ್ಲೆಂಡಿನಿಂದ ಬಂದು ಇಲ್ಲೇ ತಲೆ ಹಣ್ಣಾಗಿಸಿಕೊಂಡ ಒಬ್ಬ ಫಾದರ್ ಅಲ್ಲಿದ್ದರು. ಅವರದೂ ಪಿಟೀಲೇ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ನುಡಿಸಿದರೆ ಅವರು ಕುರ್ಚಿಯಲ್ಲಿ ಕೂತು, ಬೂಟುಗಾಲಲ್ಲಿ ನೆಲ ಕುಟ್ಟುತ್ತಾ ನುಡಿಸೋರು.

ಒಂದು ದಿನ ತಮ್ಮ ಅಜ್ಜಿಯ ಊರಿನ ಒಂದು ರೀಲು ಕಲಿಸಿದರು. ರೀಲು ಅಂದರೆ ಅವರ ಕಡೆಯ ಕುಣಿತದ ಟ್ಯೂನ್. ಮೊದಲರ್ಧ ನಮ್ಮ ಆದಿತಾಳದ ಹಾಗೆ ಎಂಟೆಂಟಾಗಿ ಸಲೀಸಾಗಿ ಓಡುತ್ತದೆ. ಎರಡನೇ ಅರ್ಧದ ಕೊನೆಯ ಸಾಲಿನಲ್ಲಿ ಮಾತ್ರ ಎರಡು ಏಟು ಮಾಯ. ಎಂಟು ಮುಗಿಯುವ ಮೊದಲೇ ಟ್ಯೂನ್ ಹೊರಳಿ ಮೊದಲಿಗೆ ಬಂದುಬಿಡುತ್ತದೆ. ಪಾಪ, ಮರೆತಿದ್ದಾರೆ ಅಂದುಕೊಂಡು ಆ ಎರಡು ಏಟು ನಾನೇ ಸೇರಿಸಿ ನುಡಿಸಿದೆ.

ಬೂಟು ನಿಂತಿತು. "ಅದು ಯಾಕೆ?"

"ತಾಳಕ್ಕೆ ಎರಡು ಏಟು ಕಡಿಮೆ ಬರ್ತಿತ್ತು ಫಾದರ್. ಸರಿಮಾಡಿದೆ."

"ನಮ್ಮೂರಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದಲೂ ಕಡಿಮೆಯೇ ಬರ್ತಿದೆ. ಇದುವರೆಗೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಅಂದರು.

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಆ ವರ್ಷ ಮುಗಿದರೆ ಅವರು ಕಾಯಂ ಆಗಿ ಊರಿಗೆ ಹೊರಡುವವರು. ಇಲ್ಲಿ ಆ ರೀಲು ಬರುವುದು ಅವರೊಬ್ಬರಿಗೇ ಆದ್ದರಿಂದ ಇಷ್ಟು ವರ್ಷವೂ ನುಡಿಸಿದ್ದೇ ಆಯಿತು, ಕುಣಿಯಲು ಆಗಿಲ್ಲ. "ಹೋಗೋ ಮೊದಲು ನೀನು ನುಡಿಸು, ನಾನು ಒಂದು ಸಲ ಕುಣೀತೀನಿ. ಆದರೆ ತಿದ್ದಬೇಡ."

ಆಗಲಿ ಅಂತ ಮಾತು ಕೊಟ್ಟೆ.

ಮುದ್ದೆಯಲ್ಲಿ ಗಂಟು

ರಜೆಗೆ ನಮ್ಮೂರು ಮಾರಂಡಹಳ್ಳಿಗೆ ಹೋದಾಗಲೂ ಅದೇ ಸಾಧನೆ. ಅಡುಗೆಮನೆಯಲ್ಲಿ ಅಮ್ಮ ರಾಗಿಮುದ್ದೆ ತಿರುವುತ್ತಿದ್ದಳು. ಅವಳ ಕೋಲು ನನ್ನ ಪಿಟೀಲಿನ ಜೊತೆ ಹೊಂದಿಕೊಂಡು ಜೋರಾಗಿ ಓಡುತ್ತಿತ್ತು. ಎರಡು ಏಟು ಹಾರಿದ ಜಾಗದಲ್ಲಿ ಮಾತ್ರ ಪ್ರತಿಸಲ ಕೋಲು ಗಕ್ಕನೆ ನಿಲ್ಲುತ್ತಿತ್ತು.

"ಏನ್ಲಾ, ಚೆನ್ನಾಗಿ ಓಯ್ತಾ ಓಯ್ತಾ ನಡುವೆ ಎಡವ್ತೀಯಲ್ಲ! ಕಾಲಿಗೆ ಕಲ್ಲು ಸಿಗ್ತೈತಾ?"

"ಅದು ಇರೋದೇ ಹಂಗೆ ಕಣಮ್ಮ."

ಅವತ್ತು ನನಗೆ ಹೆಣ್ಣು ಕೊಟ್ಟ ಮಾವನವರು ಊಟಕ್ಕೆ ಬಂದಿದ್ದರು. ಮೊದಲ ತುತ್ತು ನುಂಗಿದ್ದೇ ತಡ, ಗಂಟಲು ಸವರಿಕೊಂಡರು. ಮುದ್ದೆಯ ತುಂಬ ಹಸಿಹಿಟ್ಟಿನ ಗಂಟು. ಅಮ್ಮ ಸ್ವಲ್ಪವೂ ನಾಚಲಿಲ್ಲ.

"ನನ್ನ ಕೇಳ್ಬ್ಯಾಡಿ. ನಿಮ್ಮ ಅಳಿಯ ಎಲ್ಲೆಲ್ಲಿ ಬಿಟ್ನೋ ನಾನೂ ಅಲ್ಲಲ್ಲೇ ಬಿಟ್ಟೆ" ಅಂದಳು.

ಬಸ್ಸಿನ ಟೇಪು

ಫಾದರ್ ಆ ರೀಲನ್ನು ಒಂದು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದರು. ವಾಪಸ್ ಬರುವಾಗ ಧರ್ಮಪುರಿಯಲ್ಲಿ ಪ್ರೈವೇಟ್ ಬಸ್ ಹತ್ತಿದವನು ಡ್ರೈವರನ ಕೈಕಾಲು ಹಿಡಿದು ಅದನ್ನು ಹಾಕಿಸಿದೆ. ಬಸ್ಸು ಖುಷಿಯಾಯಿತು, ಒಬ್ಬ ಮುಂದಿನ ಸೀಟನ್ನು ತಟ್ಟತೊಡಗಿದ. ಆ ಜಾಗ ಬಂದದ್ದೇ, "ಟೇಪ್ ಜಂಪ್ ಆಗುದು ಅಣ್ಣೇ!" ಅಂತ ಹಿಂದಿನಿಂದ ಕೂಗು.

ಡ್ರೈವರ್ ಪ್ಲೇಯರಿಗೆ ಒಂದು ಗುದ್ದು ಕೊಟ್ಟ. ಮತ್ತೆ ಅದೇ ಜಾಗ, ಮತ್ತೆ ಗುದ್ದು. ಕಂಡಕ್ಟರ್ ಬಂದು ಪ್ಲೇಯರಿನ ಹೆಡ್ಡನ್ನು ಅಂಗಿಯ ತುದಿಯಿಂದ ಒರೆಸಿದ. ತೊಪ್ಪೂರಿನಲ್ಲಿ ಹತ್ತಿದ ರೇಡಿಯೋ ಮೆಕ್ಯಾನಿಕ್ ಒಬ್ಬ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೇಬಿಟ್ಟ.

"ಅದು ರಿಪೇರಿ ಅಲ್ಲ ಸಾರ್, ಟ್ಯೂನೇ ಹಾಗೆ" ಅಂತ ನಾನು ಬಡಕೊಂಡೆ.

"ಯಾವ ಊರಲ್ಲೂ ಹಾಗಿರಲ್ಲ, ಸುಮ್ನಿರಿ" ಅಂದ ಆತ ಏನನ್ನೋ ತಿರುಗಿಸಿದ. ಆಮೇಲೆ ಕ್ಯಾಸೆಟ್ ಹೊರಗೆ ಬರಲಿಲ್ಲ, ನಿಲ್ಲಲೂ ಇಲ್ಲ. ಗುದ್ದಿ ಗುದ್ದಿ ಸೋತ ಇಡೀ ಬಸ್ಸು ಸೇಲಂ ತನಕ ಐರ್ಲೆಂಡಿನಲ್ಲೇ ಪ್ರಯಾಣ ಮಾಡಿತು.

ಗಾಳಿಯಲ್ಲಿ ನಿಂತ ಕೈ

ಸೇಲಂನ ಸಂಗೀತ ಸಭೆಗಳಲ್ಲಿ ಮುಂದಿನ ಸಾಲಿಗೆ ಒಬ್ಬ ಹಿರಿಯರು ಕಾಯಂ. ತೊಡೆ ತಟ್ಟಿ ತಾಳ ಹಾಕುವುದು ಅವರ ಅಭ್ಯಾಸ. ಜನ ಪಿಟೀಲು ಕೇಳುವುದಕ್ಕಿಂತ ಹೆಚ್ಚಾಗಿ ಅವರ ಕೈ ನೋಡುತ್ತಿದ್ದರು. ಕೈ ಸರಿಯಾಗಿ ಬಿದ್ದರೆ ವಿದ್ವಾನ್, ಇಲ್ಲದಿದ್ದರೆ ಮೂರು ಕಾಸಿಗೂ ಬೇಡ.

ಒಂದು ಕಛೇರಿಯ ಕೊನೆಗೆ ಧೈರ್ಯ ಮಾಡಿ ರೀಲು ಎತ್ತಿಕೊಂಡೆ. ಹಿರಿಯರ ಕೈ ಹಬ್ಬದ ಉತ್ಸಾಹದಲ್ಲಿ ಬೀಳುತ್ತಿತ್ತು. ಆ ಜಾಗ ಬಂತು. ಟ್ಯೂನ್ ತಿರುಗಿತು, ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಸಭೆಯೆಲ್ಲ ಆ ಕೈಯನ್ನೇ ನೋಡಿತು.

"ತಾಳಂ ಪೋಚ್ಚು!" ಅಂತ ತೀರ್ಪಾಯಿತು. ತಾಳ ಹೋಯಿತು, ಜೊತೆಗೆ ನನ್ನ ಮಾನವೂ ಹೋಯಿತು. ಮೃದಂಗದವನಂತೂ ನನ್ನ ಪರಿಚಯವೇ ಇಲ್ಲದವನ ಹಾಗೆ ಬೇರೆ ಬಾಗಿಲಿನಿಂದ ಇಳಿದು ಹೋದ.

ನಿಂಬೆಹಣ್ಣು

ಫಾದರ್‌ಗೆ ಬೀಳ್ಕೊಡುಗೆಯ ದಿನ ಬಂತು. ಮುಖ್ಯ ಅತಿಥಿ ಯಾರು ಅಂತ ಕೇಳಿದರೆ ಅದೇ ಹಿರಿಯರು, ಮೊಮ್ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ. ಹೆಡ್‌ಮಿಸ್ಟ್ರೆಸ್ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಕೈ ಇನ್ನೊಂದು ಸಲ ಗಾಳಿಯಲ್ಲಿ ನಿಂತರೆ ಅಲ್ಲೇ ಪರದೆ ಇಳಿಸ್ತೀನಿ, ಮೇಷ್ಟ್ರೇ" ಅಂದರು. ಪರದೆ ಇಳಿದರೆ ಫಾದರ್ ಕುಣಿಯುವುದೆಲ್ಲಿ?

ಹಿರಿಯರ ಕಾರು ಬೆಟ್ಟದ ಬುಡದಲ್ಲೇ ಕೆಟ್ಟಿತ್ತು. ಘಾಟ್ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ, ಎಲ್ಲ ತಿರುವುಗಳನ್ನೂ ಅನುಭವಿಸಿ ಬಂದಿದ್ದರು. ಮುಖ ಬಾಳೆಲೆಯ ಬಣ್ಣಕ್ಕೆ ತಿರುಗಿತ್ತು. ವಾಂತಿ ತಡೆಯಲು ಕಂಡಕ್ಟರ್ ಕೊಟ್ಟ ನಿಂಬೆಹಣ್ಣನ್ನು ಬಲಗೈಯಲ್ಲಿ ಮೂಗಿಗೆ ಒತ್ತಿ ಹಿಡಿದು, ಎಡಗೈಯಲ್ಲಿ ಕುರ್ಚಿಯನ್ನು ಅಪ್ಪಿಕೊಂಡು ಕೂತರು. ತಾಳ ಹಾಕಲು ಕೈಯೇ ಖಾಲಿ ಇರಲಿಲ್ಲ!

ನಾನು ಶುರುಮಾಡಿದೆ. ಫಾದರ್ ಕೊರಳಿನ ಹಾರ ತೆಗೆದಿಟ್ಟು, ನಿಲುವಂಗಿ ಎತ್ತಿ ಕಟ್ಟಿ ವೇದಿಕೆಯ ನಡುವೆ ಬಂದರು. ಬೂಟು ಟಕಟಕ ಅಂದಿತು. ಎರಡು ಏಟು ಮಾಯವಾಗುವ ಜಾಗದಲ್ಲಿ ಗಿರಕ್ಕನೆ ತಿರುಗಿ ಸರಿಯಾಗಿ ಮೊದಲಿಗೇ ಬಂದು ನಿಂತರು. ಮಕ್ಕಳು ಹೋ ಅಂದರು. ಕೆಳಗೆ ನೋಡಿದರೆ ಹಿರಿಯರ ಚಪ್ಪಲಿ ಅವರ ಅಪ್ಪಣೆ ಕೇಳದೆ ಕುಣಿಯುತ್ತಿತ್ತು, ಆ ಜಾಗದಲ್ಲೂ ಎಡವದೆ!

ಅಷ್ಟರಲ್ಲಿ ಹಿಂದಿನ ಸಾಲಿನಿಂದ, ಕಾರ್ಯಕ್ರಮಕ್ಕೆಂದೇ ಊರಿಂದ ಬಂದಿದ್ದ ಅಮ್ಮ ಎದ್ದಳು. "ಅಯ್ಯಯ್ಯೋ, ಪಾದ್ರಿಗೆ ಮೈಮ್ಯಾಲೆ ಬಂದ್ಬುಡ್ತು! ಒಂದು ನಿಂಬೆಹಣ್ಣು ಕೊಡ್ರಲಾ!"

ಯಾರೂ ಕೊಡಲಿಲ್ಲ. ಅಮ್ಮ ಸುತ್ತ ನೋಡಿದಳು, ಸರಸರ ಬಂದು ಮುಖ್ಯ ಅತಿಥಿಯ ಮೂಗಿನಿಂದಲೇ ಹಣ್ಣು ಕಿತ್ತುಕೊಂಡಳು, ವೇದಿಕೆ ಹತ್ತಿ ಫಾದರ್‌ಗೆ ನಿವಾಳಿಸಿ ಕೈಯಲ್ಲಿಟ್ಟಳು. ಅವರು ಅದನ್ನೂ ಹಿಡಿದೇ ಕುಣಿದರು.

ಈಗ ಹಿರಿಯರ ಬಲಗೈ ಖಾಲಿ! ಹೆಡ್‌ಮಿಸ್ಟ್ರೆಸ್ ಪರದೆಯ ಹಗ್ಗ ಹಿಡಿದರು. ಕೈ ಮೇಲೆದ್ದಿತು, ಆ ಜಾಗ ಬಂತು, ಟ್ಯೂನ್ ತಿರುಗಿತು, ಕೈ ತೊಡೆಯ ಮೇಲೆ ಪಟ್ಟನೆ, ಚಪ್ಪಲಿಯ ಜೊತೆಜೊತೆಗೇ, ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗೆ ಕಣ್ಣೀರು ಬಂತು, ಫಾದರ್‌ಗೂ ಬಂತು.

ಹಿರಿಯರು ವೇದಿಕೆಗೆ ಬಂದು ನನ್ನ ಬೆನ್ನು ತಟ್ಟಿದರು. "ಕೊನೆಗೂ ತಾಳ ತಿದ್ದಿಕೊಂಡೆಯಪ್ಪಾ ತಂಬಿ. ಅವತ್ತು ನಾನು ಹೇಳಿದ್ದು ಒಳ್ಳೇದೇ ಆಯ್ತು."

"ನಿಮ್ಮ ಆಶೀರ್ವಾದ" ಅಂತ ಕೈಮುಗಿದೆ.

ಫಾದರ್ ಏದುಸಿರು ಬಿಡುತ್ತಾ, ಕೈಲಿದ್ದ ನಿಂಬೆಹಣ್ಣನ್ನು ಮೂಸಿ ನೋಡಿ, ನನ್ನ ಕಿವಿಯಲ್ಲಿ ಅಂದರು: "ಇನ್ನು ಮುಂದೆ ನಿನ್ನ ಎಲ್ಲ ಕಛೇರಿಗೂ ಇವರನ್ನ ಬಸ್ಸಿನ ಹಿಂದಿನ ಸೀಟಲ್ಲೇ ಕರೆಸು."